ಕಾಯುವವನ ಭರವಸೆ
(ಸಂಘದ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ನೂತನ ತಂತ್ರಜ್ಞಾನ ಮತ್ತು ಪರಿಸರಕ್ಕೆ ಹಿತವಾದ ಸಂಚಾರ ಎಂಬ ವಿಷಯವನ್ನು ನನಗೆ ವಹಿಸಿದ್ದೀರಿ. ಈ ಮಾತು ಬಂದೊಡನೆ ನಮ್ಮ ಗಮನ ವಿದ್ಯುತ್ ಕಾರಿನತ್ತ ಹರಿಯುತ್ತದೆ. ಆದರೆ ಪೆಟ್ರೋಲ್ ಕಾರಿನಲ್ಲಿ ಒಬ್ಬರೇ ಹೋಗುತ್ತಿದ್ದವರು ವಿದ್ಯುತ್ ಕಾರಿನಲ್ಲಿ ಒಬ್ಬರೇ ಹೋದರೆ ಹೊಗೆ ಕಡಿಮೆಯಾದೀತು. ದೆಹಲಿಯ ರಸ್ತೆಗಳ ದಟ್ಟಣೆ ಎಳ್ಳಷ್ಟೂ ಕರಗದು. ರೂಢಿಯನ್ನೇ ಬದಲಿಸುವ ತಂತ್ರಜ್ಞಾನ ಬೇರೆ ಬಗೆಯದು. ಕಾಯುವವನ ಅನಿಶ್ಚಿತತೆಯನ್ನು ನೀಗಿಸುವುದೇ ಅದರ ಕೆಲಸ.

ಊರಿಗೆ ಹೋಗುವ ರೈಲು ಟಿಕೆಟ್ಟಿಗಾಗಿ ಬೆಳಗಿನ ಜಾವದಿಂದ ಸಾಲಿನಲ್ಲಿ ನಿಂತ ಹಿರಿಯರು ಈ ಸಭೆಯಲ್ಲಿದ್ದಾರೆ. 1986ರಲ್ಲಿ ನವದೆಹಲಿಯಲ್ಲಿ ಗಣಕಯಂತ್ರದ ಮೂಲಕ ಆಸನ ಕಾಯ್ದಿರಿಸುವ ವ್ಯವಸ್ಥೆ ಬಂದಿತು; 2002ರಲ್ಲಿ ಅಂತರಜಾಲದ ಮೂಲಕ ಅದು ಮನೆಯೊಳಕ್ಕೇ ಬಂದಿತು. ಗಾಡಿ ಅದೇ, ಹಳಿ ಅದೇ. ಬದಲಾದದ್ದು ನಮಗೆ ದೊರೆತ ಭರವಸೆ.

ದೆಹಲಿ ಮೆಟ್ರೋದ ಕಥೆಯೂ ಇದೇ. 2002ರ ಡಿಸೆಂಬರ್ 24ರಂದು ಶಾಹದರಾ ಮತ್ತು ತೀಸ್ ಹಜಾರಿ ನಡುವಿನ ಎಂಟು ಕಿಲೋಮೀಟರಿನಷ್ಟು ಮಾರ್ಗ ಉದ್ಘಾಟನೆಯಾದಾಗ ಅನುಮಾನಿಸಿದವರೇ ಹೆಚ್ಚು. ಅದರ ಗಾಡಿಗಳು ಬ್ರೇಕು ಹಾಕುವಾಗ ವಿದ್ಯುತ್ತನ್ನು ಮರಳಿ ಉತ್ಪಾದಿಸುತ್ತವೆ. ಈ ಉಳಿತಾಯದ ಯೋಜನೆಯನ್ನು 2007ರಲ್ಲಿ ವಿಶ್ವಸಂಸ್ಥೆಯ ಸ್ವಚ್ಛ ಅಭಿವೃದ್ಧಿ ವ್ಯವಸ್ಥೆಯಡಿ ನೋಂದಾಯಿಸಲಾಯಿತು. ಎಂಜಿನಿಯರುಗಳಿಗೆ ಇದು ಹೆಮ್ಮೆಯ ಸಂಗತಿ. ಪ್ರಯಾಣಿಕನಿಗೆ ಮಾತ್ರ, ಮುಂದಿನ ಗಾಡಿಗೆ ಇನ್ನೆರಡು ನಿಮಿಷ ಎಂದು ಹೇಳುವ ಆ ಚಿಕ್ಕ ಫಲಕವೇ ದೊಡ್ಡದು. ಇಂದು ಬಸ್ಸು ಎಲ್ಲಿದೆಯೆಂದು ಮೊಬೈಲಿನಲ್ಲಿ ತಿಳಿಯುವ ಸೌಲಭ್ಯವೂ ಈ ಜಾತಿಯದೇ.

ಹೀಗೆ ಕರೆತಂದವರನ್ನು ಹಿಂದಕ್ಕೆ ಕಳಿಸುವುದೂ ಸುಲಭ. 2017ರಲ್ಲಿ ದೆಹಲಿ ಮೆಟ್ರೋ ದರ ಎರಡು ಬಾರಿ ಏರಿದಾಗ ಪ್ರಯಾಣಿಕರ ಸಂಖ್ಯೆ ಇಳಿಯಿತು. 2025ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನ ಮೆಟ್ರೋ ಗರಿಷ್ಠ ದರವನ್ನು 60 ರೂಪಾಯಿಯಿಂದ 90ಕ್ಕೆ ಏರಿಸಿದಾಗಲೂ ಇದೇ ಆಯಿತು. ಸರ್ಕಾರಿ ಸೇವೆಯಲ್ಲಿರುವ ನನಗೆ ಖರ್ಚಿನ ಲೆಕ್ಕ ತಿಳಿಯದ್ದೇನಲ್ಲ. ಆದರೂ, ದ್ವಿಚಕ್ರ ವಾಹನದ ಪೆಟ್ರೋಲಿಗಿಂತ ಮೆಟ್ರೋ ಟಿಕೆಟ್ಟು ದುಬಾರಿಯಾದ ದಿನ ಯಾವ ತಂತ್ರಜ್ಞಾನವೂ ಕೈಹಿಡಿಯದು.

ಇನ್ನೊಂದು ಆತಂಕವಿದೆ. ಮೆಟ್ರೋ, ಬಸ್ಸು ಎಲ್ಲಕ್ಕೂ ಸಲ್ಲಲೆಂದು 2019ರ ಮಾರ್ಚಿನಲ್ಲಿ ರಾಷ್ಟ್ರೀಯ ಸಂಚಾರ ಕಾರ್ಡು ಬಿಡುಗಡೆಯಾಯಿತು. ಎಲ್ಲ ನಗರಗಳ ಎಲ್ಲ ಬಸ್ಸುಗಳಲ್ಲೂ ಅದಿನ್ನೂ ಸಲ್ಲುತ್ತಿಲ್ಲ. ಅಷ್ಟರಲ್ಲೇ ಮೊಬೈಲ್ ಟಿಕೆಟ್ಟಿನ ಭರಾಟೆ. ಊರಿನಿಂದ ನಮ್ಮ ಮನೆಗಳಿಗೆ ಬರುವ, ಹಿಂದಿಯೂ ಇಂಗ್ಲಿಷೂ ಬಾರದ ತಾಯಂದಿರು ಏನು ಮಾಡಬೇಕು? ನಗದು ಪಡೆದು ಟಿಕೆಟ್ಟು ಕೊಡುವ ಒಬ್ಬ ಮನುಷ್ಯ ಆ ಕಿಟಕಿಯಲ್ಲಿ ಉಳಿಯಲೇಬೇಕು. ನಿಲ್ದಾಣದಿಂದ ಮನೆಯವರೆಗಿನ ಕಾಲುದಾರಿಯ ಅವಸ್ಥೆಯನ್ನಂತೂ ಬಣ್ಣಿಸಬೇಕಿಲ್ಲ, ನೀವೆಲ್ಲ ಬಲ್ಲಿರಿ.

ದೆಹಲಿಯ ಗುಲಾಬಿ ಮಾರ್ಗದ ಮೋತಿ ಬಾಗ್ ನಿಲ್ದಾಣಕ್ಕೆ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿದೆ. ಅದನ್ನು ಅಭಿಮಾನದಿಂದ ಹೇಳಿಕೊಳ್ಳುವ ನಾವು ಸಂಘದ ಕಾರ್ಯಕ್ರಮಗಳಿಗೆ ಮಾತ್ರ ಮನೆಗೊಂದು ಕಾರಿನಲ್ಲಿ ಬರುತ್ತೇವೆ. ಕಾರ್ಯಕಾರಿ ಸಮಿತಿಗೆ ಒಂದು ಸಲಹೆ: ಮುಂದಿನ ಆಹ್ವಾನ ಪತ್ರಿಕೆಯಲ್ಲಿ ಹತ್ತಿರದ ಮೆಟ್ರೋ ನಿಲ್ದಾಣವನ್ನೂ ಕೊನೆಯ ಗಾಡಿಯ ಹೊತ್ತನ್ನೂ ಅಚ್ಚು ಮಾಡಿಸಿ. ನಾಟಕ ಆ ಹೊತ್ತಿಗೆ ಮೊದಲೇ ಮುಗಿಯುವಂತಿರಲಿ. ಅದಕ್ಕಾಗಿ ನಮ್ಮಂಥವರ ಭಾಷಣಗಳನ್ನು ಮೊಟಕುಗೊಳಿಸಿದರೂ ಸಂತೋಷವೇ.