ತೇಜ್‌ಕುಮಾರ್ ಅವರ ಪಟ್ಟ ಮತ್ತು ವಯಸ್ಸಿನ ತಕರಾರು

ಎಂ.ಎಸ್. ತೇಜ್‌ಕುಮಾರ್ ಕರ್ನಾಟಕದ ಮೊದಲ ಚೆಸ್ ಗ್ರ್ಯಾಂಡ್‌ಮಾಸ್ಟರ್. ಹುಟ್ಟಿದ್ದು 1981ರಲ್ಲಿ, ಊರು ಮೈಸೂರು, ನೌಕರಿ ರೈಲ್ವೆಯಲ್ಲಿ. 2017ರಲ್ಲಿ ಪಟ್ಟ ಕೈಗೂಡಿದಾಗ ಅವರು ದೇಶದ 50ನೆಯ ಗ್ರ್ಯಾಂಡ್‌ಮಾಸ್ಟರ್. ವಿಶ್ವನಾಥನ್ ಆನಂದ್ 1988ರಲ್ಲಿ ದೇಶಕ್ಕೆ ಮೊದಲ ಪಟ್ಟ ತಂದಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆ ನಡೆಯ ಒಗಟುಗಳನ್ನು ಹೆಣೆದ ಮೈಸೂರಿಗೆ ಅಂಥ ಪಟ್ಟ ಬರಲು ಇನ್ನೂ ಇಪ್ಪತ್ತೊಂಬತ್ತು ವರ್ಷ ಹಿಡಿಯಿತು.

ಪಟ್ಟದ ನಿಯಮಗಳು ಎಲ್ಲ ಕೈಪಿಡಿಗಳಲ್ಲೂ ಸಿಗುತ್ತವೆ. 2600ರ ಮಟ್ಟದ ಆಟ ತೋರಿಸಿ ಗಳಿಸುವ ನಾರ್ಮ್‌ಗಳು, ಅವುಗಳಲ್ಲಿ ಒಟ್ಟು 27 ಆಟ, ಜೊತೆಗೆ ಒಮ್ಮೆಯಾದರೂ 2500 ರೇಟಿಂಗ್. ನಾರ್ಮ್‌ಗೆ ಎದುರಾಳಿಗಳಲ್ಲಿ ಗ್ರ್ಯಾಂಡ್‌ಮಾಸ್ಟರ್‌ಗಳೂ ಬೇಕು, ಪರದೇಶದವರೂ ಬೇಕು. ಅಂಥವರು ಬಂದು ಆಡುವ ಟೂರ್ನಿಗಳು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ನೌಕರಸ್ಥ ಆಟಗಾರನಿಗೆ ರಜೆ, ಪ್ರಯಾಣದ ಖರ್ಚು ಎರಡೂ ದೊಡ್ಡ ಪ್ರಶ್ನೆಗಳೇ.

ಮೂವತ್ತಾರಕ್ಕೆ ಬಂದ ಪಟ್ಟವನ್ನು ಹದಿನೈದಕ್ಕೆ ಬಂದ ಪಟ್ಟದ ಪಕ್ಕ ಇಟ್ಟು, ಮೊದಲನೆಯದರ ತೂಕ ಕಡಿಮೆ ಎನ್ನುವವರಿದ್ದಾರೆ. ಎಳೆಯರ ವೇಗಕ್ಕೆ ಪ್ರತಿಭೆ ಮತ್ತು ಕಂಪ್ಯೂಟರ್ ತರಬೇತಿಯೇ ಕಾರಣ ಎಂಬುದು ಅವರ ವಾದ. ಕಂಪ್ಯೂಟರಿನ ಪಾಲನ್ನು ಅಲ್ಲಗಳೆಯುವಂತಿಲ್ಲ. ಆದರೆ ಈ ವಾದ ರೇಟಿಂಗ್‌ನ ಲೆಕ್ಕವನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಹದಿನೆಂಟು ತುಂಬದ, 2300ಕ್ಕಿಂತ ಕೆಳಗಿರುವ ಆಟಗಾರರ ಅಂಕ 40ರ ಗುಣಕದಲ್ಲಿ ಏರಿಳಿಯುತ್ತದೆ. ಒಮ್ಮೆ 2400 ಮುಟ್ಟಿದವರಿಗೆ ಅದು 10ಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. 2450ರ ಹಿರಿಯರೊಬ್ಬರು 2250ರ ಬಾಲಕನೊಡನೆ ಆಡಿದರೆಂದುಕೊಳ್ಳೋಣ. ಗೆದ್ದರೆ ಹಿರಿಯರಿಗೆ ದಕ್ಕುವುದು 2.4 ಅಂಕ, ಸೋತರೆ ಕಳೆದುಕೊಳ್ಳುವುದು 7.6. ಡ್ರಾ ಆದರೂ ಅವರಿಗೆ 2.6 ನಷ್ಟ, ಬಾಲಕನಿಗೆ 10.4 ಲಾಭ. ಒಂದೇ ಹಲಗೆ, ಒಂದೇ ಫಲಿತಾಂಶ, ಎರಡು ಬೇರೆ ಲೆಕ್ಕ. 40ರ ಗುಣಕ ಜಾರಿಗೆ ಬಂದದ್ದು 2014ರಲ್ಲಿ; ತೇಜ್‌ಕುಮಾರ್ ಆಗ ಮೂವತ್ತು ದಾಟಿದ್ದರು. ಅವರ ಬಾಲ್ಯದಲ್ಲಂತೂ 2000ಕ್ಕಿಂತ ಕೆಳಗಿನವರಿಗೆ ಅಂತರರಾಷ್ಟ್ರೀಯ ರೇಟಿಂಗೇ ಇರಲಿಲ್ಲ. ಇಷ್ಟನ್ನೂ ಮರೆತು ವಯಸ್ಸನ್ನಷ್ಟೇ ಹೋಲಿಸುವುದು ಅನ್ಯಾಯ. 2500ರ ಗೆರೆ ಎಲ್ಲರಿಗೂ ಒಂದೇ, ಅದಕ್ಕೆ ಹತ್ತುವ ಮೆಟ್ಟಿಲು ಮಾತ್ರ ಬೇರೆ ಬೇರೆ.

ದೇಶದ ಮೊದಲ ಐವತ್ತು ಪಟ್ಟಗಳಿಗೆ ಇಪ್ಪತ್ತೊಂಬತ್ತು ವರ್ಷ ಬೇಕಾಯಿತು; 2022ರ ಹೊತ್ತಿಗೆ ಆ ಸಂಖ್ಯೆ 76 ಮುಟ್ಟಿತ್ತು. ಐದೇ ವರ್ಷದಲ್ಲಿ ಪ್ರತಿಭೆ ಹಾಗೆ ಉಕ್ಕಿತು ಎನ್ನುವುದಕ್ಕಿಂತ ಅವಕಾಶ ಹೆಚ್ಚಿತು ಎನ್ನುವುದು ಸರಿ.

ಅವಕಾಶದ ಈ ಚರ್ಚೆ ಚಿಕ್ಕಬಳ್ಳಾಪುರ ಜಿಲ್ಲೆಯ ಮಟ್ಟಿಗೂ ದೂರದ್ದಲ್ಲ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಮಕ್ಕಳು ರೇಟಿಂಗ್ ಟೂರ್ನಿ ಆಡಲು ಬೆಂಗಳೂರಿನ ಬಸ್ಸು ಹಿಡಿಯುವ ಬದಲು ಜಿಲ್ಲೆಯಲ್ಲೇ ಅಂಥ ಟೂರ್ನಿ ನಡೆಯಬೇಕು.

ತೇಜ್‌ಕುಮಾರ್ ನಂತರ 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಸ್ಟ್ಯಾನಿ ಜಿ.ಎ., 2019ರಲ್ಲಿ ಮೈಸೂರಿನ ಗಿರೀಶ್ ಕೌಶಿಕ್ ಗ್ರ್ಯಾಂಡ್‌ಮಾಸ್ಟರ್ ಆದರು. ಬೆಂಗಳೂರಿನ ಪ್ರಣವ್ ಆನಂದ್ 2022ರಲ್ಲಿ, ರೊಮೇನಿಯಾದ ಮಮಾಯಾದಲ್ಲಿ 2500 ದಾಟಿ ದೇಶದ 76ನೆಯವರಾದರು. ಆಗ ಅವರಿಗೆ ಹದಿನೈದು ವರ್ಷ.