ಎಂಬಿಎ ಕೋಚಿಂಗ್‌ಗೆ ಸಾಲ ಕೊಡುವ ಮೊದಲು
(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಮಾಹಿತಿ)



ಈಚೆಗೆ ನಿಮ್ಮ ಸಂಘಗಳ ಸಭೆಗೆ ಬಂದಾಗ ಹೊಸ ಬಗೆಯ ಸಾಲದ ಅರ್ಜಿ ಕಾಣುತ್ತಿದ್ದೇವೆ. ಮೊದಲು ಹಸು, ಹೊಲಿಗೆ ಯಂತ್ರ, ಮನೆ ರಿಪೇರಿ ಎಂದಿರುತ್ತಿತ್ತು. ಈಗ "ಮಗಳ ಎಂಬಿಎ ಕೋಚಿಂಗ್‌ಗೆ" ಎಂದಿರುತ್ತದೆ. ಬಿ.ಕಾಂ. ಮುಗಿಸಿದ ಮಗಳು ಮುಂದೆ ಓದುತ್ತೇನೆ ಅಂತಾಳೆ, ಮನೆಯಲ್ಲಿ ಮದುವೆಯ ಮಾತು ಶುರುವಾಗಿರುತ್ತದೆ. ಅವಳಿಗೆ ಸಿಗುವುದು ಹೆಚ್ಚೆಂದರೆ ಒಂದು ವರ್ಷ. ಆ ವರ್ಷವೂ ಸಂಘದ ದುಡ್ಡೂ ಹಾಳಾಗಬಾರದು, ಅಲ್ವಾ?

ಮೊದಲು ಕೇಳಿ: ಯಾವ ಪರೀಕ್ಷೆ ಬರೀತೀಯಾ? ನಮ್ಮ ರಾಜ್ಯದ ಕಾಲೇಜುಗಳಿಗಾದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿಜಿಸಿಇಟಿ ಇದೆ. 100 ಪ್ರಶ್ನೆ, 2 ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ಬೆಂಗಳೂರಿನ ಐಐಎಂನಂಥ ಸಂಸ್ಥೆಗಳಿಗೆ ಕ್ಯಾಟ್. ಅಲ್ಲಿ ಸರಿ ಉತ್ತರಕ್ಕೆ 3 ಅಂಕ, ಆಯ್ಕೆ ಪ್ರಶ್ನೆ ತಪ್ಪಾದರೆ 1 ಅಂಕ ಖೋತಾ. ಇಂಗ್ಲಿಷ್, ತರ್ಕ, ಗಣಿತ ಮೂರಕ್ಕೂ ತಲಾ 40 ನಿಮಿಷ; ಒಂದರ ಸಮಯ ಮಿಗಿಸಿ ಇನ್ನೊಂದಕ್ಕೆ ಬಳಸುವಂತಿಲ್ಲ. ಜಿಮ್ಯಾಟ್ ಮುಖ್ಯವಾಗಿ ವಿದೇಶಕ್ಕೆ ಹೋಗುವವರಿಗೆ. ಅದರ ಶುಲ್ಕವೇ ಸಾವಿರಾರು ರೂಪಾಯಿ. ಒಂದು ಪರೀಕ್ಷೆಯ ಪುಸ್ತಕ ಇನ್ನೊಂದಕ್ಕೆ ಪೂರ್ತಿ ಹೊಂದುವುದಿಲ್ಲ. ಜಿಮ್ಯಾಟ್ 2023ರ ನವೆಂಬರಿನಲ್ಲಿ ಬದಲಾಗಿ, ರೇಖಾಗಣಿತವನ್ನೂ ವಾಕ್ಯ ತಿದ್ದುವ ಪ್ರಶ್ನೆಗಳನ್ನೂ ಕೈಬಿಟ್ಟಿತು. ಆದರೂ ಹಳೇ ಪುಸ್ತಕಗಳು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತವೆ. ಅಗ್ಗವೆಂದು ತಂದರೆ ನಷ್ಟವೇ.

ಪುಸ್ತಕ ಕೊಳ್ಳುವ ಮೊದಲು ಹಿಂದಿನ ವರ್ಷದ ಒಂದು ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬರೆಯಲಿ. ಎಲ್ಲಿ ಸೋತಳೆಂದು ಆಗ ಗೊತ್ತಾಗುತ್ತದೆ. ಗಣಿತದಲ್ಲಾದರೆ ಎಂಟು, ಒಂಬತ್ತು, ಹತ್ತನೇ ತರಗತಿಯ ಪಠ್ಯಪುಸ್ತಕದಿಂದಲೇ ಶುರು ಮಾಡಲಿ. ಕನ್ನಡ ಮಾಧ್ಯಮದಲ್ಲಿ ಕಲಿತ ಮಕ್ಕಳು ಕನ್ನಡ ಪುಸ್ತಕವನ್ನೂ ಇಂಗ್ಲಿಷ್ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟರೆ, 'ಅನುಪಾತ'ವೇ 'ರೇಶಿಯೋ' ಎಂದು ತಿಳಿದು ಅರ್ಧ ಭಯ ಹೋಗುತ್ತದೆ. ಆಮೇಲೆ ವಿಷಯಕ್ಕೆ ಒಂದೇ ಪುಸ್ತಕ ಸಾಕು. ಆರ್.ಎಸ್. ಅಗರ್‌ವಾಲ್ ಅವರ ಲೆಕ್ಕದ ಪುಸ್ತಕ ಎಷ್ಟೋ ಗ್ರಂಥಾಲಯಗಳಲ್ಲಿದೆ. ಐದು ಪುಸ್ತಕದ ಮೊದಲ ಅಧ್ಯಾಯ ಓದುವುದಕ್ಕಿಂತ ಒಂದನ್ನು ಎರಡು ಸಲ ಮುಗಿಸುವುದು ಮೇಲು.

ಈ ಲೆಕ್ಕಗಳು ನಿಮಗೆ ಹೊಸತೇನಲ್ಲ, ನೋಡಿ. ಸಂಘದಿಂದ 10,000 ರೂಪಾಯಿ ಸಾಲ, ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ, ಅಸಲು ತಿಂಗಳಿಗೆ 1,000ದಂತೆ ಹತ್ತು ಕಂತು. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕಿದರೆ ಒಟ್ಟು 1,100 ರೂಪಾಯಿ. ಹತ್ತು ತಿಂಗಳೂ ಪೂರ್ತಿ ಸಾಲದ ಮೇಲೆ ಹಾಕಿದರೆ 2,000. ಈ ವ್ಯತ್ಯಾಸ ನಿಮ್ಮ ಸಂಘದ ಪ್ರತಿನಿಧಿಗೆ ಬಾಯಿಪಾಠ! ಪರೀಕ್ಷೆಯಲ್ಲಿ ಕೇಳುವುದೂ ಇಂಥದ್ದನ್ನೇ. ಮಗಳನ್ನು ಸಂಘದ ಲೆಕ್ಕದ ಪುಸ್ತಕದ ಮುಂದೆ ಕೂರಿಸಿ.

ಇಂಗ್ಲಿಷ್ ಮಾತ್ರ ಒಂದೆರಡು ತಿಂಗಳಲ್ಲಿ ಬರುವಂಥದ್ದಲ್ಲ. ದಿನಕ್ಕೊಂದು ಇಂಗ್ಲಿಷ್ ಪತ್ರಿಕೆಯ ಲೇಖನ ಓದಿ, ಅದರ ತಿರುಳನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಲಿ. ನಿಮಗೆ ಅರ್ಥವಾದರೆ ಅವಳಿಗೂ ಅರ್ಥವಾಗಿದೆ ಅಂತ ತಿಳಿಯಿರಿ.

ತಪ್ಪಾದ ಲೆಕ್ಕಗಳಿಗೆ ಒಂದು ನೋಟ್‌ಬುಕ್ ಬೇಕು. ಏಕೆ ತಪ್ಪಿತು: ಗೊತ್ತಿರಲಿಲ್ಲವೋ, ಅವಸರವೋ, ಪ್ರಶ್ನೆ ಓದಿದ್ದೇ ತಪ್ಪೋ? ಇದನ್ನು ನೋಡದೆ ವಾರಕ್ಕೆ ನಾಲ್ಕು ಮಾದರಿ ಪರೀಕ್ಷೆ ಬರೆದರೆ ಅದೇ ತಪ್ಪು ನಾಲ್ಕು ಸಲ ಆಗುತ್ತದೆ, ಅಷ್ಟೆ.

ಹಾಗಾದರೆ ಕೋಚಿಂಗ್ ಬೇಡವೇ? ಕೆಲವರಿಗೆ ಬೇಕು, ಅದರಲ್ಲೂ ಮನೆಯಲ್ಲಿ ಕೂತು ಓದಲು ಬಿಡದಿದ್ದರೆ. ಆದರೆ ಎರಡು ತಿಂಗಳು ಸ್ವಂತ ಓದಿದ ಮೇಲೆ, ಯಾವ ವಿಷಯಕ್ಕೆ ಬೇಕು ಎಂದು ಅವಳೇ ಹೇಳುವಾಗ ಸೇರಿಸಿ. ಪೂರ್ತಿ ಫೀಸು ಮುಂಗಡ ಕೇಳಿದರೆ, ನಡುವೆ ಬಿಟ್ಟರೆ ಎಷ್ಟು ವಾಪಸು ಎಂದು ಬರೆದು ಕೊಡಲು ಕೇಳಿ. ಸಂಘವೂ ಸಾಲವನ್ನು ಕಂತಿನಲ್ಲಿ ಬಿಡುಗಡೆ ಮಾಡಬಹುದು.

ಕ್ಯಾಟ್ ಅರ್ಜಿ ಸಾಮಾನ್ಯವಾಗಿ ಆಗಸ್ಟ್-ಸೆಪ್ಟೆಂಬರಿನಲ್ಲಿ, ಪರೀಕ್ಷೆ ನವೆಂಬರ್ ಕೊನೆಗೆ. ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲ ಮಕ್ಕಳಿಗೆ ಶುಲ್ಕ ಅರ್ಧ. ಜಾತಿ ಪ್ರಮಾಣಪತ್ರವನ್ನು ಜುಲೈನಲ್ಲೇ ಮಾಡಿಸಿಟ್ಟುಕೊಳ್ಳಿ.