ಮೊದಲ ಜಲಜನಕ ಮೋಡಗಳ ಹುಡುಕಾಟ

ಗೆಲಾಕ್ಸಿಗಳ ಗುಚ್ಛಗಳು ಮೂಡುವ ಮುನ್ನ ಅವುಗಳ ಜಲಜನಕವೆಲ್ಲ ದೋಸೆಯಂತೆ ಚಪ್ಪಟೆಯಾದ ಬೃಹತ್ ಮೋಡಗಳಲ್ಲಿ ಇತ್ತೆಂದು 1970ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಯಾಕೋವ್ ಝೆಲ್ಡೋವಿಚ್ ಲೆಕ್ಕ ಹಾಕಿದರು. ಒಂದೊಂದು ಮೋಡಕ್ಕೂ ನೂರು ಲಕ್ಷ ಕೋಟಿ ಸೂರ್ಯರಷ್ಟು ತೂಕ. ಮೊದಲು ಮೋಡ, ಆಮೇಲೆ ಅದು ಒಡೆದು ಗೆಲಾಕ್ಸಿಗಳು. ಊಟಿಯ ಇಳಿಜಾರಿನಲ್ಲಿ ಖಗೋಳ ವಿಜ್ಞಾನಿ ಗೋವಿಂದ ಸ್ವರೂಪ್ ನಿಲ್ಲಿಸಿದ 530 ಮೀಟರ್ ಉದ್ದದ ರೇಡಿಯೋ ದೂರದರ್ಶಕ ಈ ಮೋಡಗಳನ್ನು ಹುಡುಕಿತು. ಪುಣೆ ಬಳಿಯ ಖೋಡದದಲ್ಲಿ 45 ಮೀಟರ್ ಅಗಲದ 30 ಬುಟ್ಟಿಯಾಕಾರದ ಆಂಟೆನಾಗಳ ರೇಡಿಯೋ ದೂರದರ್ಶಕ ಕಟ್ಟುವಾಗಲೂ ಇದೇ ಒಂದು ಮುಖ್ಯ ಗುರಿ. ಮೋಡಗಳು ಸಿಗಲಿಲ್ಲ. ಹಾಗಾದರೆ ಶ್ರಮವೆಲ್ಲ ವ್ಯರ್ಥವೇ ಎಂಬ ಪ್ರಶ್ನೆ ಏಳುತ್ತದೆ.

ಅಲೆ ಹಿಗ್ಗುವ ಬಗೆ ತಿಳಿದರೆ ಉತ್ತರ ಸಿಗುತ್ತದೆ. ತಣ್ಣನೆಯ ಜಲಜನಕ ಹೊಮ್ಮಿಸುವ ರೇಡಿಯೋ ಅಲೆಯ ಉದ್ದ 21 ಸೆಂಟಿಮೀಟರ್, ಅಂದರೆ ಕಂಪನಾಂಕ 1420 ಮೆಗಾಹರ್ಟ್ಸ್. ಅಲೆ ಬರುತ್ತಿರುವಾಗ ದಾರಿಯೇ ಹಿಗ್ಗುತ್ತದೆ, ಜೊತೆಗೆ ಅಲೆಯೂ ಹಿಗ್ಗುತ್ತದೆ. ಇನ್ನೊಮ್ಮೆ ಹೇಳುವುದಾದರೆ, ಅಲೆ ಎಷ್ಟು ಪಟ್ಟು ಉದ್ದವಾಗಿದೆಯೋ, ಅದು ಹೊರಟಂದಿನಿಂದ ವಿಶ್ವವೂ ಅಷ್ಟೇ ಪಟ್ಟು ಹಿಗ್ಗಿದೆ. ಆದ್ದರಿಂದ ರೇಡಿಯೋದ ಮುಳ್ಳನ್ನು ಕಡಿಮೆ ಮೆಗಾಹರ್ಟ್ಸ್ ಕಡೆಗೆ, ಅಂದರೆ ಉದ್ದದ ಅಲೆಗಳ ಕಡೆಗೆ, ತಿರುಗಿಸುವುದೆಂದರೆ ಕಾಲದಲ್ಲಿ ಹಿಂದೆ ಹೋಗುವುದು. ಊಟಿಯ ದೂರದರ್ಶಕದ ಮುಳ್ಳು ನಿಂತಿರುವುದು 326.5 ಮೆಗಾಹರ್ಟ್ಸ್ ಬಳಿ. ಅಲ್ಲಿಗೆ ತಲುಪುವ ಜಲಜನಕದ ಅಲೆ ಸುಮಾರು 1200 ಕೋಟಿ ವರ್ಷ ಹಿಂದೆ ಹೊರಟದ್ದು, ಈಗ 92 ಸೆಂಟಿಮೀಟರ್ ಉದ್ದ.

ಜಲಜನಕದ ಈ ಅಲೆ ಬಲು ಕ್ಷೀಣ. ಒಂದು ಪರಮಾಣು ತಾನಾಗಿ ಅದನ್ನು ಹೊಮ್ಮಿಸಲು ಸರಾಸರಿ ಒಂದು ಕೋಟಿ ವರ್ಷ ಬೇಕು. ಹತ್ತಿರದ ಒಂದು ಮೊಬೈಲ್ ಸಾಕು ಅದನ್ನು ಮುಳುಗಿಸಲು. ಖೋಡದವನ್ನು ಆರಿಸಿದ್ದು ನಗರಗಳ ರೇಡಿಯೋ ಗದ್ದಲಕ್ಕೆ ಗುಡ್ಡಗಳು ಅಡ್ಡ ನಿಲ್ಲುತ್ತವೆಂದೇ.

ಝೆಲ್ಡೋವಿಚ್ ಹೇಳಿದ ಗಾತ್ರದ ಮೋಡಗಳು ಇದ್ದಿದ್ದರೆ ಇಂಥ ಉಪಕರಣಗಳಿಗೆ ಕಾಣಬೇಕಿತ್ತು. ಕಾಣದಿರುವುದೂ ಒಂದು ಅಳತೆಯೇ. ಇಂದು ಒಪ್ಪಿತವಾಗಿರುವ ಚಿತ್ರದಲ್ಲಿ ಕ್ರಮ ತಿರುವುಮುರುವು: ಮೊದಲು ಪುಟ್ಟ ಮುದ್ದೆಗಳು, ಅವು ಕೂಡಿ ಗೆಲಾಕ್ಸಿಗಳು, ಕೊನೆಗೆ ಗುಚ್ಛಗಳು. ಬೃಹತ್ ಮೋಡಗಳಿಗಾಗಿ ಕಟ್ಟಿದ ಖೋಡದದ ಬುಟ್ಟಿಗಳು ಈಗ ಗೆಲಾಕ್ಸಿಗಳೊಳಗಿನ ಜಲಜನಕವನ್ನು ಹಿಡಿಯುತ್ತಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರುಪಮ್ ರಾಯ್ ಮತ್ತು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಆಗ ಇದ್ದ ಅರ್ನಬ್ ಚಕ್ರವರ್ತಿ ಈ ಬುಟ್ಟಿಗಳಿಂದಲೇ ಹಿಡಿದು 2023ರಲ್ಲಿ ಪ್ರಕಟಿಸಿದ ಜಲಜನಕದ ಸಂಕೇತ ಸುಮಾರು 880 ಕೋಟಿ ವರ್ಷ ಹಳೆಯದು. ನಡುವೆ ಇದ್ದ ಇನ್ನೊಂದು ಗೆಲಾಕ್ಸಿಯ ಗುರುತ್ವ ಮಸೂರದಂತೆ ಅದನ್ನು 30 ಪಟ್ಟು ಹೆಚ್ಚಿಸಿತ್ತು. ಹೊರಟಾಗ 21 ಸೆಂಟಿಮೀಟರ್ ಇದ್ದ ಆ ಅಲೆ ಇಲ್ಲಿಗೆ ಬಂದಾಗ 48 ಸೆಂಟಿಮೀಟರ್ ಆಗಿತ್ತು.